ರಕ್ತದ ಲೆಕ್ಕ

2024ರ ಜೂನ್ 16, ಭಾನುವಾರ. ಮರುದಿನ ಬಕ್ರೀದ್. ಸಾಗರದಲ್ಲಿ ಮಳೆ ಹಿಡಿದಿತ್ತು, ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಮಿಕ್ಸಿಯ ಆಸೆ ಬಿಟ್ಟು ಒರಳಿನಲ್ಲಿ ಮಸಾಲೆ ಅರೆಯುತ್ತ ಕೂತಿದ್ದಾಗ ಹೊಸನಗರದಿಂದ ಆಪಾ ಫೋನ್ ಮಾಡಿದಳು. ಮೊದಲು ಅತ್ತಳು. ಆಮೇಲೆ, ‘ಮಗಳ ರಕ್ತದ ರಿಪೋರ್ಟು ಬಂದಿದೆ. ನಿನ್ನ ಮೊಬೈಲಿಗೆ ಕಳಿಸಿದ್ದಾರೆ. ಏನಿದೆ ಅಂತ ಓದಿ ಹೇಳು’ ಎಂದಳು.

ನಮ್ಮ ಮನೆತನದಲ್ಲಿ ಓದಿ ಹೇಳುವ ಕೆಲಸ ನನ್ನದು. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಮಾಧ್ಯಮ. ಚಿಕ್ಕವಳಿದ್ದಾಗ ಗಲ್ಫ್‌ನಿಂದ ಬರುತ್ತಿದ್ದ ಉರ್ದು ಕಾಗದಗಳನ್ನು ಗಲ್ಲಿಯ ಹೆಂಗಸರಿಗೆ ಓದಿ ಹೇಳುತ್ತಿದ್ದೆ. ಆಮೇಲೆ ತಾಲ್ಲೂಕು ಕಚೇರಿಯ ಕನ್ನಡ ಕಾಗದಗಳ ಸರದಿ ಬಂತು. ಈಗ ಹತ್ತು ಹದಿನೈದು ವರ್ಷಗಳಿಂದ ಲ್ಯಾಬ್ ರಿಪೋರ್ಟುಗಳು. ಒಂದು ಲಿಪಿಯನ್ನು ಬಲದಿಂದ ಎಡಕ್ಕೆ, ಇನ್ನೊಂದನ್ನು ಎಡದಿಂದ ಬಲಕ್ಕೆ ಓದಬಲ್ಲ ನಾನು ಈ ಮೂರನೆಯದರ ಮುಂದೆ ಅನಕ್ಷರಸ್ಥೆಯೇ. ಆದರೂ ಕನ್ನಡಕ ಹಾಕಿಕೊಂಡು ಓದುತ್ತೇನೆ. ದಪ್ಪ ಅಕ್ಷರದಲ್ಲಿ ಇರುವುದು, ನಕ್ಷತ್ರದ ಗುರುತು ಇರುವುದು ಕೆಟ್ಟದ್ದು, ಉಳಿದದ್ದು ಒಳ್ಳೆಯದು ಎಂದು ಹೇಳಿ ಕಳಿಸುತ್ತೇನೆ. ಈ ನನ್ನ ವಿದ್ಯೆ ಎಷ್ಟು ತಪ್ಪಾಗಿತ್ತೆಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆಪಾಳ ಮಗಳು ತೀರ್ಥಹಳ್ಳಿಗೆ ಸೊಸೆಯಾಗಿ ಹೋದವಳು. ಇಪ್ಪತ್ತೇಳು ವರ್ಷ, ಮೊದಲ ಬಸಿರು. ಗಂಡ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಿಪೋರ್ಟಿನ ಕೊನೆಯಲ್ಲಿ ಕೆಂಪು ಬಣ್ಣದಲ್ಲಿ ‘ಹೈ ರಿಸ್ಕ್’ ಎಂದಿತ್ತು. ಅದರ ಕೆಳಗೆ ಡೌನ್ ಸಿಂಡ್ರೋಮ್, 1:142 ಎಂದಿತ್ತು. ಇದು ಡಬಲ್ ಮಾರ್ಕರ್ ಎಂಬ ಪರೀಕ್ಷೆ. ಗರ್ಭಿಣಿಯ ರಕ್ತದಲ್ಲಿ ಪ್ಯಾಪ್-ಎ ಎಂಬ ಒಂದು ಪ್ರೋಟೀನು, ಬೀಟಾ ಎಚ್‌ಸಿಜಿ ಎಂಬ ಒಂದು ಹಾರ್ಮೋನು, ಎರಡನ್ನೂ ಅಳೆಯುತ್ತಾರೆ. ಎರಡೂ ಮಾಸುವಿನಿಂದ ಬರುವಂಥವು. ಮೊದಲನೆಯದು ಕಡಿಮೆಯಿದ್ದು ಎರಡನೆಯದು ಹೆಚ್ಚಿದ್ದರೆ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ. ನಮ್ಮ ಹುಡುಗಿಯದರಲ್ಲಿ ಮೊದಲನೆಯದು ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ, ಎರಡನೆಯದು ಹೆಚ್ಚುಕಡಿಮೆ ಎರಡರಷ್ಟು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಕೆಂಪು ಅಕ್ಷರ ಮಾತ್ರ. ‘ಆಪಾ, ಏನೋ ಸರಿಯಿಲ್ಲ ಅಂತ ಕಾಣುತ್ತೆ’ ಎಂದೆ. ಅದನ್ನು ಹೇಳಲು ನಾನು ಬೇಕಿರಲಿಲ್ಲ.

ಬಕ್ರೀದ್ ಹೇಗೋ ಕಳೆಯಿತು. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ, ಅಲ್ಲಿಂದ ಆಪಾಳನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ತಾಲ್ಲೂಕನ್ನು ದಾಟಿ ನಮ್ಮ ಸಾಗರದ ಲಿಂಗನಮಕ್ಕಿಗೆ ಬರುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳು ಅದರ ಎದುರು ದಿಕ್ಕಿಗೆ ಮದುವೆಯಾಗಿ ಹೋದವರು. ದಾರಿಯುದ್ದಕ್ಕೂ ಆಪಾ ತಸ್ಬೀಹ್ ತಿರುಗಿಸುತ್ತಿದ್ದಳು.

ಬೀಗರ ಮನೆಯಲ್ಲಿ ಎಲ್ಲರೂ ಹಜಾರದಲ್ಲಿ ಕೂತಿದ್ದರು. ಹುಡುಗಿ ಮಾತ್ರ ಒಳಗೆ. ಮೂರು ದಿನದಲ್ಲಿ ಎಲ್ಲರೂ ಎಲ್ಲರನ್ನೂ ಕೇಳಿದ್ದರು. ‘ತೆಗೆಸಿಬಿಡುವುದೇ ಒಳ್ಳೆಯದು’ ಎಂದು ಒಬ್ಬರು. ‘ಅಲ್ಲಾಹನು ಕೊಟ್ಟದ್ದನ್ನು ಬೇಡ ಅನ್ನಲು ನಾವು ಯಾರು’ ಎಂದು ಇನ್ನೊಬ್ಬರು. ಮೌಲ್ವಿ ಸಾಹೇಬರನ್ನೂ ಕೇಳಿದ್ದರು. ನೂರಿಪ್ಪತ್ತು ದಿನಕ್ಕೆ ಭ್ರೂಣಕ್ಕೆ ರೂಹ್ ಊದಲಾಗುತ್ತದೆ ಎಂಬ ಹದೀಸಿನ ಆಧಾರದ ಮೇಲೆ, ಆ ಗಡುವಿನ ಮೊದಲು ದೊಡ್ಡ ಕಾರಣವಿದ್ದರೆ ಅವಕಾಶ ಕೊಡುವ ವಿದ್ವಾಂಸರಿದ್ದಾರೆ, ಅದನ್ನೂ ಒಪ್ಪದವರೂ ಇದ್ದಾರೆ ಎಂದು ಅವರು ಹೇಳಿ, ‘ಮೊದಲು ಡಾಕ್ಟರು ಖಚಿತವಾಗಿ ಏನು ಹೇಳುತ್ತಾರೆ ನೋಡಿ’ ಎಂದು ಕಳಿಸಿದ್ದರಂತೆ. ಮನೆಯವರ ಕಿವಿಗೆ ಬಿದ್ದದ್ದು ನೂರಿಪ್ಪತ್ತು ಎಂಬ ಸಂಖ್ಯೆ ಮಾತ್ರ. ಮಂಡಿಯ ಲೆಕ್ಕದವನಾದ ಅಳಿಯ ಕ್ಯಾಲೆಂಡರ್ ತೆಗೆದು ಎಣಿಸಿಟ್ಟಿದ್ದ. ಮಾರ್ಚ್ 12ರಿಂದ ನೂರಿಪ್ಪತ್ತು ದಿನ ಎಂದರೆ ಜುಲೈ 10. ಅವರ ಎಣಿಕೆಯಲ್ಲಿ ಇನ್ನು ಉಳಿದಿದ್ದದ್ದು ಇಪ್ಪತ್ತೆರಡು ದಿನ.

ಆ ಮಾತು ನಡೆಯುತ್ತಿದ್ದಾಗಲೇ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ಬಂದು ನಿಂತ. ಹುಡುಗ ಎಂದೆ, ಅವನಿಗೆ ಇಪ್ಪತ್ತೆರಡು ವರ್ಷ. ಕುರ್ಬಾನಿಯ ಮಾಂಸದ ಪೊಟ್ಟಣ ಹಿಡಿದುಕೊಂಡು ಬಂದಿದ್ದ. ಆ ಗಲ್ಲಿಯಲ್ಲಿ ಮನೆಮನೆಗೆ ಪಾಲು ಹಂಚುವುದು ಪ್ರತಿ ವರ್ಷವೂ ಅವನ ಕೆಲಸವಂತೆ. ಯಾರ ಮನೆಗೆ ಕೊಟ್ಟಾಯಿತು, ಯಾರ ಮನೆಗೆ ಇಲ್ಲ ಎಂಬುದು ಅವನಿಗೆ ಬಾಯಿಪಾಠ. ಪೊಟ್ಟಣ ಕೊಟ್ಟು, ಎಲ್ಲರಿಗೂ ಜೋರಾಗಿ ಸಲಾಮ್ ಹೇಳಿ, ‘ಭಾಭಿ ಎಲ್ಲಿ?’ ಎಂದು ಕೇಳಿದ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಅವನ ಹಿಂದೆ ಛತ್ರಿ ಹಿಡಿದು ನಿಂತಿದ್ದ ಅವನ ತಾಯಿ ನಮ್ಮ ಮಾತು ಕೇಳಿಸಿಕೊಂಡಿದ್ದರು. ಅವರೇನೂ ಹೇಳಲಿಲ್ಲ. ಮಗನ ಕೈ ಹಿಡಿದು ಮುಂದಿನ ಮನೆಗೆ ಹೋದರು. ಹಜಾರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈ ಸಿಂಡ್ರೋಮಿಗೆ ಹೆಸರು ಕೊಟ್ಟ ಜಾನ್ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ ಅದನ್ನು ವಿವರಿಸಿದ್ದು 1866ರಲ್ಲಿ. 21ನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದೇ ಇದರ ಕಾರಣ ಎಂದು ತಿಳಿದದ್ದು 1959ರಲ್ಲಿ. ಮಗುವಿಗೆ ಇದು ಇದೆ ಎಂದು ಖಚಿತವಾದರೆ ಏನು ಮಾಡಬೇಕೆಂಬುದನ್ನು ಆ ತಾಯಿ ತಂದೆ ತಮ್ಮ ಮನಸ್ಸಾಕ್ಷಿ, ಧರ್ಮ, ಕಾನೂನು ಮೂರನ್ನೂ ಕೇಳಿ ತೀರ್ಮಾನಿಸಬೇಕು. ನಮ್ಮ ದೇಶದ 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ ಅವಧಿ ಹಿಗ್ಗಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರದ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಅಂದರೆ ಇಪ್ಪತ್ತೆರಡು ದಿನದ ಆತುರ ಕಾನೂನಿನದ್ದಾಗಿರಲಿಲ್ಲ. ಅದೇನಿದ್ದರೂ ತೀರ್ಮಾನ ಆಮೇಲಿನ ಮಾತು. ಖಚಿತವಾಗುವುದೇ ಬೇಡವೆ? ಡಬಲ್ ಮಾರ್ಕರ್ ಎಂಬುದು ಜರಡಿ. ಜರಡಿಯಲ್ಲಿ ನಿಂತದ್ದೆಲ್ಲ ಕಲ್ಲಲ್ಲ, ಇಳಿದದ್ದೆಲ್ಲ ಅಕ್ಕಿಯಲ್ಲ. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಿವಮೊಗ್ಗದಲ್ಲಿ ನನಗೆ ಪರಿಚಯವಿರುವ ಒಬ್ಬ ಪ್ರಸೂತಿ ತಜ್ಞೆ ಇದ್ದಾರೆ. ನನ್ನ ಕತೆಗಳನ್ನು ಓದಿ ಒಮ್ಮೆ ಕಾಗದ ಬರೆದವರು. ತೀರ್ಥಹಳ್ಳಿಯಿಂದಲೇ ಅವರಿಗೆ ಫೋನ್ ಮಾಡಿದೆ. ನಾನು ಕೆಂಪು ಅಕ್ಷರದ ವರದಿ ಒಪ್ಪಿಸಿದೆ. ಅವರು ಹೆದರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ‘1:142 ಅಂದರೆ ಇಂಥ 142 ತಾಯಂದಿರಲ್ಲಿ 141 ಜನರ ಮಗುವಿಗೆ ಅದು ಇರುವುದಿಲ್ಲ. 250ರ ಒಳಗೆ ಬಂದರೆ ಕಂಪ್ಯೂಟರು ಕೆಂಪು ಬಣ್ಣ ಹಾಕುತ್ತೆ, ಅಷ್ಟೇ’ ಎಂದರು. ಆಮೇಲೆ ಒಂದೇ ಪ್ರಶ್ನೆ: ‘ತಾರೀಕು ಸರಿಯಿದೆಯಾ?’

ಯಾವ ತಾರೀಕು? ಕೊನೆಯ ಮುಟ್ಟಿನ ಮೊದಲ ದಿನ. ರಿಪೋರ್ಟಿನ ಮೇಲುಗಡೆ ಸಣ್ಣ ಅಕ್ಷರದಲ್ಲಿ ಮಾರ್ಚ್ 12 ಎಂದಿತ್ತು. ರಕ್ತ ತೆಗೆದದ್ದು ಜೂನ್ 13. ಅಂದರೆ 13 ವಾರ 2 ದಿನ. ‘ಸ್ಕ್ಯಾನ್ ಏನು ಹೇಳುತ್ತೆ?’ ಸ್ಕ್ಯಾನ್ ಆಗಿರಲಿಲ್ಲ. ‘ಹಾಗಿದ್ದರೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ’ ಎಂದರು.

ಕೇಳಿದೆ. ಒಳಗಿನ ಕೋಣೆಯಲ್ಲಿ ಅವಳು, ನಾನು, ಆಪಾ ಮೂವರೇ. ಮೊದಲು ‘ರಂಜಾನಿನಲ್ಲಿ’ ಎಂದಷ್ಟೇ ಹೇಳಿದಳು. ಕೌಂಟರಿನಲ್ಲಿಯೂ ಅಷ್ಟೇ ಹೇಳಿದ್ದಳಂತೆ. ಅಲ್ಲಿ ಕೂತಿದ್ದವನು ಎಳೆಯ ಹುಡುಗ, ಪಕ್ಕದಲ್ಲಿ ಮಾವ ನಿಂತಿದ್ದರು, ಹಿಂದೆ ಸಾಲು. ರಂಜಾನಿನಲ್ಲಿ ಎಂದಾಗ ಅವನು ಕ್ಯಾಲೆಂಡರ್ ತಿರುಗಿಸಿ ಆ ವರ್ಷದ ಮೊದಲ ರೋಜಾ ಮಾರ್ಚ್ 12 ಎಂದು ನೋಡಿ ಬರೆದುಕೊಂಡ. ಅವನನ್ನು ನಾನು ದೂರುವುದಿಲ್ಲ. ಪಾಪ, ಅಷ್ಟಾದರೂ ನೋಡಿದ. ಇವಳೂ ಸುಮ್ಮನಾದಳು. ಮಾವನ ಎದುರು ಅದಕ್ಕಿಂತ ಹೆಚ್ಚು ಹೇಳುವ ಹೆಣ್ಣುಮಗಳು ನಮ್ಮ ಮನೆಗಳಲ್ಲಿ ಎಷ್ಟು ಜನ?

‘ಸರಿಯಾದ ದಿನ ನೆನಪಿಲ್ಲವಾ ಬೇಟಾ?’ ಎಂದೆ. ‘ತಾರೀಕು ನೆನಪಿಲ್ಲ ಖಾಲಾ’ ಎಂದಳು. ಆಗ ಆಪಾ ಕೇಳಿದಳು: ‘ಎಷ್ಟು ರೋಜಾ ಕಜಾ ಇದೆ ನಿನ್ನದು?’

ಹೊರಗಿನ ಓದುಗರಿಗಾಗಿ ಒಂದು ಮಾತು. ಮುಟ್ಟಿನ ದಿನಗಳಲ್ಲಿ ನಮ್ಮಲ್ಲಿ ಹೆಂಗಸರು ರೋಜಾ ಹಿಡಿಯುವುದಿಲ್ಲ. ಬಿಟ್ಟ ರೋಜಾಗಳನ್ನು ಮುಂದಿನ ರಂಜಾನಿನೊಳಗೆ ಒಂದೊಂದಾಗಿ ಹಿಡಿದು ತೀರಿಸಬೇಕು. ಅದಕ್ಕೆ ಕಜಾ ಎನ್ನುತ್ತಾರೆ. ಸಾಲದ ಲೆಕ್ಕದಂತೆ ಪ್ರತಿ ಹೆಂಗಸೂ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತಾಳೆ. ಕ್ಯಾಲೆಂಡರಿನ ತಾರೀಕು ಮರೆಯಬಹುದು, ಕಜಾ ಮರೆಯುವುದಿಲ್ಲ. ಹುಡುಗಿ ತಡಮಾಡದೆ ಹೇಳಿದಳು: ‘ಆರು, ಅಮ್ಮಿ. ಹದಿನಾರು ರೋಜಾ ಹಿಡಿದಿದ್ದೆ. ಹದಿನೇಳರಿಂದ ಇಪ್ಪತ್ತೆರಡರವರೆಗೆ ಹೋಯಿತು.’

ಹದಿನೇಳನೆಯ ರೋಜಾ ಎಂದರೆ ಮಾರ್ಚ್ 28. ಹದಿನಾರು ದಿನದ ವ್ಯತ್ಯಾಸ. ರಕ್ತ ತೆಗೆದ ದಿನ ಅವಳಿಗೆ ತುಂಬಿದ್ದದ್ದು 13 ವಾರ 2 ದಿನ ಅಲ್ಲ, ಸರಿಯಾಗಿ 11 ವಾರ.

ಫೋನಿನಲ್ಲಿ ಇದನ್ನು ಹೇಳಿದಾಗ ಡಾಕ್ಟರಮ್ಮ ನಕ್ಕರು. ಹದಿನಾರು ದಿನ ಯಾಕೆ ಅಷ್ಟು ಮುಖ್ಯ ಎಂದು ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಈ ಪರೀಕ್ಷೆಯಲ್ಲಿ ಇಷ್ಟರಿಂದ ಇಷ್ಟರವರೆಗೆ ಸರಿ ಎಂಬ ಒಂದೇ ಅಳತೆಯಿಲ್ಲ. ಅದೇ ವಾರದ, ಅದೇ ದಿನದ ಬಸುರಿನ ನೂರಾರು ತಾಯಂದಿರನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಯಾರು ನಿಲ್ಲುತ್ತಾಳೋ ಅವಳ ಅಳತೆ ಒಂದು ಎಂದು ಇಟ್ಟುಕೊಂಡು, ಉಳಿದವರನ್ನು ಅದರ ಎಷ್ಟು ಪಾಲು ಎಂದು ಹೇಳುತ್ತಾರೆ. ತಾಯಿಯ ತೂಕಕ್ಕೂ ಲೆಕ್ಕ ತಿದ್ದುತ್ತಾರೆ. ಈ ವಾರಗಳಲ್ಲಿ ಪ್ಯಾಪ್-ಎ ದಿನದಿನಕ್ಕೆ ಏರುತ್ತದೆ, ಬೀಟಾ ಎಚ್‌ಸಿಜಿ ಇಳಿಯುತ್ತದೆ. ಹನ್ನೊಂದು ವಾರದವಳನ್ನು ಹದಿಮೂರು ವಾರದವರ ಸಾಲಿನಲ್ಲಿ ನಿಲ್ಲಿಸಿದರೆ ಮೊದಲನೆಯದು ಕಡಿಮೆ ಕಾಣುತ್ತದೆ, ಎರಡನೆಯದು ಹೆಚ್ಚು ಕಾಣುತ್ತದೆ. ಡೌನ್ ಸಿಂಡ್ರೋಮಿನ ಗುರುತೂ ಅದೇ. ಒಂದನೇ ತರಗತಿಯ ಮಗುವನ್ನು ಮೂರನೇ ತರಗತಿಯಲ್ಲಿ ಕೂರಿಸಿ ಕುಳ್ಳ ಎಂದಂತಾಯಿತು.

ನೂರಿಪ್ಪತ್ತು ದಿನದ ಲೆಕ್ಕವೂ ಹಾಗೆಯೇ ತಪ್ಪಿತ್ತು. ಡಾಕ್ಟರು ವಾರ ಎಣಿಸುವುದು ಮುಟ್ಟಿನ ದಿನದಿಂದ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಅದಕ್ಕೆ ಎರಡು ವಾರದ ನಂತರ. ರೂಹಿನ ಮಾತಿನಲ್ಲಿ ಎಣಿಕೆ ಗರ್ಭ ನಿಂತಲ್ಲಿಂದ. ಇವಳದು ಈದ್ ಆಸುಪಾಸು ನಿಂತದ್ದು. ಅಲ್ಲಿಂದ ನೂರಿಪ್ಪತ್ತು ದಿನ ಎಂದರೆ ಆಗಸ್ಟ್ ಎರಡನೆಯ ವಾರ ಬರುತ್ತದೆ, ಜುಲೈ 10 ಅಲ್ಲ. ಒಂದು ತಿಂಗಳ ತಪ್ಪು ಲೆಕ್ಕ ಹಿಡಿದುಕೊಂಡು ಆ ಮನೆ ಮೂರು ದಿನ ಅನ್ನ ಬಿಟ್ಟು ಕೂತಿತ್ತು. ಯಾರಾದರೂ ಆತುರಪಟ್ಟು ಏನಾದರೂ ಮಾಡಿಬಿಟ್ಟಿದ್ದರೆ? ಅದನ್ನು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಜೂನ್ 20ರಂದು ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯಿತು. ಈ ತಿಂಗಳುಗಳಲ್ಲಿ ಮಗುವಿನ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದರೆ ಬಸುರಿನ ವಯಸ್ಸು ಕೆಲವೇ ದಿನಗಳ ಹೆಚ್ಚುಕಡಿಮೆಯಲ್ಲಿ ಸಿಗುತ್ತದೆ. 54 ಮಿಲಿಮೀಟರ್ ಇತ್ತು. ಅಂದರೆ 12 ವಾರ. ಆರು ಕಜಾ ರೋಜಾಗಳ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಒಂದು ದಿನದ ಅಂತರವೂ ಇರಲಿಲ್ಲ. ಮಗುವಿನ ಕತ್ತಿನ ಹಿಂದೆ ತುಂಬಿರುವ ನೀರಿನ ದಪ್ಪವನ್ನೂ ಅಳೆದರು, ಸರಿಯಿತ್ತು. ಹೊಸ ತಾರೀಕು ಕೊಟ್ಟು ಅದೇ ರಕ್ತದ ಅದೇ ಅಂಕಿಗಳನ್ನು ಲ್ಯಾಬಿನವರು ಮತ್ತೆ ಲೆಕ್ಕ ಹಾಕಿ ಕಳಿಸಿದಾಗ ಮೂರು ಸಾವಿರಕ್ಕೆ ಒಂದು ಎಂದು ಬಂತು. ಹಸಿರು ಅಕ್ಷರದಲ್ಲಿ.

ಎಲ್ಲರ ರಿಪೋರ್ಟೂ ಹೀಗೆ ತಾರೀಕಿನ ತಪ್ಪಿನಿಂದಲೇ ಕೆಂಪಾಗುತ್ತದೆಂದು ಯಾರೂ ತಿಳಿಯಬಾರದು. ತಾರೀಕು ಸರಿಯಿದ್ದೂ ಕೆಂಪು ಬಂದರೆ ಮುಂದಿನ ಪರೀಕ್ಷೆಗಳಿವೆ. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ನೋಡುವ ಪರೀಕ್ಷೆ ಹತ್ತನೆಯ ವಾರದಿಂದ ಮಾಡಬಹುದು. ಅದು ಹೆಚ್ಚು ನುಣುಪಾದ ಜರಡಿ, ಆದರೆ ಅದೂ ಜರಡಿಯೇ. ಖಚಿತವಾಗಿ ಹೇಳುವುದು ಮಾಸುವಿನ ಚೂರನ್ನೋ, ಹದಿನೈದು ವಾರ ಕಳೆದ ಮೇಲೆ ಗರ್ಭದ ನೀರನ್ನೋ ಸೂಜಿಯಿಂದ ತೆಗೆದು ನೋಡುವ ಪರೀಕ್ಷೆ. ಅದರಲ್ಲಿ ಗರ್ಭ ಇಳಿಯುವ ಸಣ್ಣ ಅಪಾಯವಿದೆ. ಅದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಹೆದರಿಕೆ ತೀರಿದ ಕತೆ. ಆದರೆ ಅವತ್ತು ಡಾಕ್ಟರಮ್ಮ ಹಸಿರು ಅಕ್ಷರದ ವಿಚಾರಕ್ಕೆ ಕಾಯಲೇ ಇಲ್ಲ. ಹುಡುಗಿಯ ಚೀಲದಿಂದ ತಾಯಿ ಕಾರ್ಡು ತೆಗೆಸಿ ನೋಡಿ, ನೀಲಿ ಪೆನ್ನಿನಲ್ಲಿ ಬರೆದಿದ್ದ ಒಂದು ಅಂಕಿಯ ಮೇಲೆ ಬೆರಳಿಟ್ಟರು. ‘ಇದನ್ನು ಯಾರೂ ನೋಡಲಿಲ್ವಾ?’

ಹಿಮೋಗ್ಲೋಬಿನ್ 8.4.

ನೋಡಿದ್ದೆವು. ಆಪಾ ನೋಡಿದ್ದಳು, ಅತ್ತೆ ನೋಡಿದ್ದರು, ನಾನೂ ಹಿಂದೊಮ್ಮೆ ನೋಡಿದ್ದೆ. ಅದು ಕೆಂಪು ಬಣ್ಣದಲ್ಲಿರಲಿಲ್ಲ, ಪಕ್ಕದಲ್ಲಿ ನಕ್ಷತ್ರವಿರಲಿಲ್ಲ. ‘ಬಸುರಿಯರಿಗೆ ರಕ್ತ ಕಡಿಮೆ ಇದ್ದದ್ದೇ’ ಎಂದು ಎಲ್ಲರೂ ದಾಟಿ ಹೋಗಿದ್ದೆವು. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು ಹೊಟ್ಟೆ ತೊಳಸುತ್ತವೆಂದು ಕಪಾಟಿನಲ್ಲಿ ಹಾಗೇ ಇದ್ದವು. ಇಲ್ಲದ ಕೇಡಿಗೆ ಮೂರು ದಿನ ಅತ್ತೆವು, ಇದ್ದ ಕೇಡಿಗೆ ಮೂರು ವಾರವಾದರೂ ಯಾರೂ ತಲೆ ಎತ್ತಿ ನೋಡಿರಲಿಲ್ಲ.

ನಾನಾದರೂ ಅದನ್ನು ಹಾಗೆ ಬಿಡಬಾರದಿತ್ತು. ಏಕೆಂದರೆ ನಾನು ನೋಡಿದ್ದೇನೆ. 1986ರ ಮಳೆಗಾಲದಲ್ಲಿ ಸಾಗರದ ನಮ್ಮ ಹಳೆಯ ಮನೆಯಲ್ಲಿ ನನ್ನ ಚಾಚಿ ನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡರು. ನನಗೆ ಎಂಟು ವರ್ಷ. ಹೆರಿಗೆಗೆ ಮೊದಲು ದಾಯಿ ಅವರ ಕೆಳಗಣ್ಣಿನ ರೆಪ್ಪೆ ಎಳೆದು ನೋಡಿ, ಅಂಗೈ ಅಮುಕಿ ನೋಡಿ, ‘ಇವಳಲ್ಲಿ ರಕ್ತವೇ ಇಲ್ಲ’ ಎಂದದ್ದು ನನಗೆ ನೆನಪಿದೆ. ಮಗು ಉಳಿಯಿತು. ಹೆರಿಗೆಯ ನಂತರ ಹರಿದ ರಕ್ತ ಬೇರೆಯವರಿಗಾದರೆ ತಡೆದುಕೊಳ್ಳುವಷ್ಟು ಇದ್ದಿರಬಹುದು, ಅವರಿಗೆ ಆಗಲಿಲ್ಲ. ಕಿಸ್ಮತ್ ಎಂದರು. ಯಾವ ಕಾಗದದಲ್ಲೂ ಅವರ ರಕ್ತದ ಒಂದು ಅಂಕಿಯೂ ಇರಲಿಲ್ಲ. ದಾಯಿಗೆ ತಿಳಿದಿತ್ತು, ಆದರೆ ತಿಳಿದು ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ನಮ್ಮ ಹುಡುಗಿಯ ವಿಷಯದಲ್ಲಿ ಅಂಕಿಯೂ ಇತ್ತು, ಮಾತ್ರೆಯೂ ಇತ್ತು, ನೋಡುವ ಕಣ್ಣು ಮಾತ್ರ ಇರಲಿಲ್ಲ.

ಬಸುರಿನಲ್ಲಿ ರಕ್ತದ ಅಂಕಿ ಸ್ವಲ್ಪ ಇಳಿಯುವುದು ಸಹಜ ಎಂಬುದೂ ಸುಳ್ಳಲ್ಲ. ರಕ್ತದ ನೀರಿನ ಅಂಶ ನೂರಕ್ಕೆ 40–50ರಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಹೆಚ್ಚುವುದು 20–30ರಷ್ಟು ಮಾತ್ರ. ಸಾರಿಗೆ ನೀರು ಬೆರೆಸಿದಂತೆ ತೆಳುವಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇತರ ಹೆಂಗಸರಿಗೆ 12 ಇರಬೇಕೆಂದರೆ ಬಸುರಿಗೆ 11 ಸಾಕು ಎನ್ನುತ್ತದೆ. 2024ರ ಹೊಸ ಸೂಚನೆಯಲ್ಲಿ ನಡುವಿನ ಮೂರು ತಿಂಗಳಿಗೆ 10.5 ಎಂದು ಮಾಡಿದೆ. ಅದೇ ಸೂಚನೆಯಲ್ಲಿ ಸಮುದ್ರ ಮಟ್ಟದಿಂದ 500 ಮೀಟರಿಗಿಂತ ಮೇಲಿರುವವರಿಗೆ ಅಂಕಿಯನ್ನು 0.4ರಷ್ಟು ತಿದ್ದಿ ಓದಬೇಕೆಂದಿದೆ, ಏಕೆಂದರೆ ಎತ್ತರದಲ್ಲಿ ಶರೀರಕ್ಕೆ ಹೆಚ್ಚು ಹಿಮೋಗ್ಲೋಬಿನ್ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಆ ಎತ್ತರಕ್ಕಿಂತ ಮೇಲಿವೆ. ಹಾಗೆ ನೋಡಿದರೆ ನಮ್ಮ ಹುಡುಗಿಯ 8.4 ನಿಜವಾಗಿ 8.

ಈ ಗಡಿಗಳ ಬಗ್ಗೆ ವಿದ್ವಾಂಸರಲ್ಲಿಯೂ ಜಗಳವಿದೆ. 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಅದರ ಲೇಖಕರಲ್ಲಿ ಒಬ್ಬರು. ನಮ್ಮ ದೇಶದ ಆರೋಗ್ಯವಂತ ಮಕ್ಕಳನ್ನೇ ಅಳೆದು ಗಡಿ ಹಾಕಿದರೆ, 1ರಿಂದ 19 ವರ್ಷದವರಲ್ಲಿ ರಕ್ತಹೀನತೆ ನೂರಕ್ಕೆ 30 ಎಂದಿದ್ದದ್ದು 11ರ ಆಸುಪಾಸಿಗೆ ಇಳಿಯುತ್ತದೆ ಎಂದು ಅದು ಹೇಳಿತು. ಇನ್ನೊಬ್ಬರ ಅಂಗಿಯ ಅಳತೆಗೆ ನಮ್ಮ ಮಕ್ಕಳನ್ನು ಹೊಲಿಯಬಾರದೆಂಬುದು ಅವರ ವಾದ. ಬಸುರಿಯರ ಗಡಿ ಬೇರೆಯೇ ವಿಷಯ. ಯಾವ ಮೊಳಕೋಲಿನಿಂದ ಅಳೆದರೂ 8.4 ಕಡಿಮೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತಹೀನತೆಯಿತ್ತು. ‘ಎಲ್ಲರಿಗೂ ಇದ್ದದ್ದೇ’ ಎಂಬ ಮಾತು ಹುಟ್ಟಿದ್ದು ಹೀಗೆ.

ಮುಸ್ಲಿಂ ಓದುಗರು ತಿಳಿದಿರಬೇಕಾದ ಒಂದು ಹಳೆಯ ಸಂಗತಿಯಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದುದರ ಕಾರಣ ಹುಡುಕುವುದು ಅವರ ಕೆಲಸ. ಬಡ ಮುಸ್ಲಿಂ ಹೆಂಗಸರಲ್ಲಿ ಅದು ಹೆಚ್ಚು ಎಂದು ಅವರಿಗೆ ಕಂಡಿತು. ಅವರು ಯಾರ ಧರ್ಮವನ್ನೂ ದೂರಲಿಲ್ಲ, ಆ ಹೆಂಗಸರ ತಟ್ಟೆ ನೋಡಿದರು. ಅದರಲ್ಲಿ ಹಣ್ಣಿರಲಿಲ್ಲ, ಸೊಪ್ಪಿರಲಿಲ್ಲ. ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರ ಕೊಟ್ಟಾಗ ಗುಣವಾಯಿತು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ವಸ್ತುವಿಗೆ ಆಮೇಲೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಇವತ್ತು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ ಇರುವುದು ಅದೇ. ನಮ್ಮ ಅಜ್ಜಿಯರ ಕಾಲದ ಮುಂಬಯಿಯ ಬಡ ಹೆಂಗಸರ ರಕ್ತದಿಂದ ಜಗತ್ತು ಕಲಿತದ್ದನ್ನು ನಾವು ಕಪಾಟಿನಲ್ಲಿ ಮುಚ್ಚಿಟ್ಟಿದ್ದೆವು.

ಡಾಕ್ಟರಮ್ಮ ಮಾತ್ರೆಯನ್ನು ದಿನಕ್ಕೆರಡು ಮಾಡಿದರು. ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಮಾತ್ರೆಯ ಹಿಂದೆ ಮುಂದೆ ಚಹಾ ಬೇಡ, ನಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ ಎಂದರು. ನಮ್ಮ ಮನೆಗಳಲ್ಲಿ ಊಟದ ಹಿಂದೆಯೇ ಚಹಾ. ಅದೂ ಒಂದು ಕಳ್ಳ. ನಾಲ್ಕನೆಯ ತಿಂಗಳಲ್ಲಿ ಜಂತುಹುಳದ ಮಾತ್ರೆ ಕೊಟ್ಟರು. ನಮ್ಮ ಮಲೆನಾಡಿನ ಒದ್ದೆ ಮಣ್ಣಿನಲ್ಲಿ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಅಂಗಾಲಿನಿಂದಲೇ ಹತ್ತಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಇಷ್ಟಾದರೂ ಅಂಕಿ ಸಾಕಷ್ಟು ಏರದಿದ್ದಾಗ ಆರನೆಯ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಮಲಗಿಸಿ ಕಬ್ಬಿಣದ ಡ್ರಿಪ್ ಹಾಕಿದರು.

ಆ ತಿಂಗಳುಗಳಲ್ಲಿ ನಾನು ಹೊಸದಾಗಿ ಓದು ಕಲಿತೆ. ರಿಪೋರ್ಟಿನ ಬಲಗಡೆ ಮುದ್ರಿಸಿರುವ ‘ಇಷ್ಟರಿಂದ ಇಷ್ಟು’ ಎಂಬ ಗಡಿ ಸಾಮಾನ್ಯವಾಗಿ ಬಸುರಿಯರದ್ದಲ್ಲ. ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಎಲ್ಲಿ ಬೀಳುತ್ತಾರೋ ಅದು ಗಡಿ. ಅಂದರೆ ಪೂರ್ತಿ ಆರೋಗ್ಯವಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಹೇಗೂ ನಕ್ಷತ್ರ ಬೀಳುತ್ತದೆ. ಬಸುರಿನಲ್ಲಿ ಇನ್ನೂ ಹೆಚ್ಚು. ಆಲ್ಕಲೈನ್ ಫಾಸ್ಫಟೇಸ್ ಎಂಬುದು ಮಾಸುವಿನಿಂದಲೂ ಬರುವುದರಿಂದ ಕೊನೆಯ ತಿಂಗಳುಗಳಲ್ಲಿ ಏರುತ್ತದೆ. ಅದನ್ನು ನೋಡಿ ಲಿವರ್ ಕೆಟ್ಟಿತೆಂದು ಹೆದರುತ್ತಾರೆ. ಬಿಳಿ ಕಣ ಏರುತ್ತವೆ, ಇಎಸ್‌ಆರ್ ಏರುತ್ತದೆ, ಅವು ತಾವಾಗಿಯೇ ಸೋಂಕಿನ ಗುರುತಲ್ಲ. ತಿರುವುಮುರುವೂ ಇದೆ. ಬಸುರಿನಲ್ಲಿ ಮೂತ್ರಪಿಂಡ ಹೆಚ್ಚು ಕೆಲಸ ಮಾಡಿ ಕ್ರಿಯಾಟಿನಿನ್ ಇಳಿಯಬೇಕು. ಹಾಗಾಗಿ 1 ಎಂದು ಬಂದರೆ ಕಾಗದದ ಮೇಲೆ ನಕ್ಷತ್ರವಿಲ್ಲದಿದ್ದರೂ ಡಾಕ್ಟರು ಹುಬ್ಬೇರಿಸಬೇಕು. ಥೈರಾಯ್ಡಿನ ಟಿಎಸ್‌ಎಚ್‌ಗೆ ಮೊದಲ ತಿಂಗಳುಗಳಲ್ಲಿ 2.5 ಮೀರಬಾರದು ಎಂದು 2011ರಲ್ಲಿ ಅಮೆರಿಕದ ಥೈರಾಯ್ಡ್ ಸಂಘ ಹೇಳಿತು, 2017ರಲ್ಲಿ ಅದನ್ನು ಸಡಿಲಿಸಿ, ಆಯಾ ಜನರದ್ದೇ ಗಡಿ ನೋಡಿ, ಅದಿಲ್ಲದಿದ್ದರೆ 4ರ ಸುಮಾರು ಇಟ್ಟುಕೊಳ್ಳಿ ಎಂದಿತು. ಆ ನಡುವಿನ ವರ್ಷಗಳಲ್ಲಿ ಮೂರೂವರೆ ಬಂದು ಮಾತ್ರೆ ನುಂಗಿದವರು ನಮ್ಮ ಗಲ್ಲಿಯಲ್ಲೇ ಇದ್ದಾರೆ. ರಿಪೋರ್ಟು ಸುಳ್ಳು ಹೇಳುವುದಿಲ್ಲ, ಆದರೆ ತನ್ನೆದುರು ಇರುವವಳು ಬಸುರಿ ಎಂದು ಅದಕ್ಕೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಈಗ ಯಾರಾದರೂ ರಿಪೋರ್ಟು ತಂದರೆ ನಾನು ನಕ್ಷತ್ರ ಹುಡುಕುವುದಿಲ್ಲ. ಮೊದಲು ಮೇಲಿನ ಸಣ್ಣ ಅಕ್ಷರ ನೋಡುತ್ತೇನೆ. ವಯಸ್ಸು ಸರಿಯಾ, ತೂಕ ಸರಿಯಾ, ತಾರೀಕು ಸರಿಯಾ ಎಂದು ಕೇಳುತ್ತೇನೆ. ತಾರೀಕು ನೆನಪಿಲ್ಲವೆಂದರೆ ಕಜಾ ಕೇಳುತ್ತೇನೆ, ಇಲ್ಲ ಜಾತ್ರೆಯೋ ಹಬ್ಬವೋ ಕೇಳುತ್ತೇನೆ. ಗಂಡಸರನ್ನು ಹೊರಗೆ ಕಳಿಸುತ್ತೇನೆ. ಆಮೇಲೆ, ‘ಇದನ್ನು ಡಾಕ್ಟರಿಗೇ ತೋರಿಸಿ, ಬಸುರಿ ಅಂತ ಹೇಳಿ ತೋರಿಸಿ’ ಎಂದು ಕಳಿಸುತ್ತೇನೆ. ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳನ್ನು ಕೂರಿಸಿ, ಒಂದು ಪರದೆ ಕಟ್ಟಿ ಆ ಒಂದು ಪ್ರಶ್ನೆ ಕೇಳುವ ಏರ್ಪಾಡು ಮಾಡಲು ದೊಡ್ಡ ಖರ್ಚೇನೂ ಆಗುವುದಿಲ್ಲ. ನಮ್ಮ ಮನೆಗಳಲ್ಲಿಯೂ ಸೊಸೆಯ ಜೊತೆ ಮಾವನ ಬದಲು ಅತ್ತೆ ಹೋದರೆ ಸಾಕು.

ಮಗು 2024ರ ಡಿಸೆಂಬರ್ ಕೊನೆಯ ವಾರ ಹುಟ್ಟಿತು, ಹೆಣ್ಣು. ಹೆರಿಗೆಯ ಹಿಂದಿನ ದಿನ ತಾಯಿಯ ಹಿಮೋಗ್ಲೋಬಿನ್ 10.9 ಇತ್ತು. ಹೆರಿಗೆಯಲ್ಲಿ ರಕ್ತ ಸ್ವಲ್ಪ ಹೆಚ್ಚೇ ಹೋಯಿತಂತೆ. ಡಾಕ್ಟರಮ್ಮ ಆಮೇಲೆ ಅದನ್ನು ಸುಮ್ಮನೆ ಮಾತಿನ ನಡುವೆ ಹೇಳಿದರು. ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತು ಚಾಚಿಯನ್ನು ನೆನೆದೆ. ಸಿಹಿ ಹಂಚುವ ಕೆಲಸವನ್ನು ಪಕ್ಕದ ಮನೆಯ ಆ ಹುಡುಗನೇ ಕೇಳಿ ಪಡೆದನಂತೆ, ಗಲ್ಲಿಯಲ್ಲಿ ಒಂದು ಮನೆಯನ್ನೂ ಬಿಡಲಿಲ್ಲವಂತೆ. ಅವನ ತಾಯಿಗೆ ನಾನೇ ಒಂದು ಡಬ್ಬಿ ತೆಗೆದುಕೊಂಡು ಹೋದೆ. ಅವತ್ತು ಹಜಾರದಲ್ಲಿ ಆಡಿದ ಮಾತಿಗೆ ಮಾಫಿ ಕೇಳಬೇಕೆಂದಿದ್ದೆ. ಅವರು ಅವಕಾಶ ಕೊಡಲಿಲ್ಲ. ‘ಮಗು ಚೆನ್ನಾಗಿದೆಯಲ್ಲ? ಒಳಗೆ ಬನ್ನಿ, ಚಹಾ ಕುಡಿಯುವಿರಂತೆ’ ಎಂದರು.

ಮುಂದಿನ ರಂಜಾನ್ 2025ರ ಮಾರ್ಚಿನಲ್ಲಿ ಬಂತು. ಹಾಲುಣಿಸುವ ತಾಯಿಗೆ ಕಷ್ಟವಾದರೆ ರೋಜಾದಿಂದ ವಿನಾಯಿತಿ ಇದೆ. ಹುಡುಗಿ ಆ ವರ್ಷ ಒಂದನ್ನೂ ಹಿಡಿಯಲಿಲ್ಲ. ‘ಖಾಲಾ, ಈ ಸಲದ್ದೂ ಸೇರಿತು, ಹೋದ ಸಲದ ಆರು ಹಾಗೇ ಬಾಕಿ ಇದೆ’ ಎಂದು ಫೋನಿನಲ್ಲಿ ಚಿಂತೆ ಮಾಡಿದಳು. ‘ಮೊದಲು ಮಾತ್ರೆ ಮುಗಿಸು, ಹೆರಿಗೆಯಾದ ಮೇಲೂ ಆರು ತಿಂಗಳು ನುಂಗಬೇಕು ಅಂದಿದ್ದಾರೆ’ ಎಂದೆ. ಆ ಆರನ್ನು ನಿಧಾನವಾಗಿ ತೀರಿಸಿದರಾಯಿತು. ಲೆಕ್ಕವಂತೂ ಅವಳಿಗೆ ತಪ್ಪುವುದಿಲ್ಲ.